ರಾಜ್ಯಶಾಸ್ತ್ರ ತಗೊಂಡು ತಪ್ಪು ಮಾಡಿದೆನಾ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎ. ಎರಡನೇ ಸೆಮಿಸ್ಟರ್. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ನನ್ನ ವಿಷಯಗಳು. ಮೊದಲಿನಿಂದಲೂ ಕನ್ನಡ ಮಾಧ್ಯಮ. ಪಿಯುಸಿಯಲ್ಲಿ ಶೇ. 84 ಬಂದಿತ್ತು. ಐಎಎಸ್ ಆಸೆಯಿಂದ ರಾಜ್ಯಶಾಸ್ತ್ರ ಇರುವ ಕಾಂಬಿನೇಷನ್ ತಗೊಂಡೆ. ಆದರೆ ಮೊದಲ ಸೆಮ್‌ನಲ್ಲಿ ಇದೇ ವಿಷಯದಲ್ಲಿ 80ಕ್ಕೆ 41 ಬಂತು. ಗೈಡ್‌ನಲ್ಲಿ ಇದ್ದದ್ದನ್ನೇ ಬರೆದಿದ್ದೆ, ಯಾಕೆ ಕಡಿಮೆ ಆಯಿತೋ ಗೊತ್ತಾಗಲಿಲ್ಲ. ಇಂಗ್ಲಿಷ್ ಪುಸ್ತಕ ತೆಗೆದರೆ ಒಂದು ಪುಟ ದಾಟುವುದಿಲ್ಲ. ಸಂಬಂಧಿಕರು "ರಾಜಕೀಯ ಓದಿ ಪುಢಾರಿ ಆಗ್ತೀಯಾ?" ಅಂತ ನಗುತ್ತಾರೆ. ಬಿ.ಕಾಂ.ಗೆ ಹೋಗು ಅಂತ ಮಾವ ಹೇಳುತ್ತಿದ್ದಾರೆ. ಧಾರವಾಡದ ಒಂದು ಕೋಚಿಂಗ್ ಸೆಂಟರ್‌ನವರು ಡಿಗ್ರಿ ಜೊತೆಗೇ ಯುಪಿಎಸ್‌ಸಿ ತಯಾರಿ ಅಂತ ಹೇಳಿ ಮುಂಗಡ ಕಟ್ಟಲು ಈ ತಿಂಗಳ ಕೊನೆಯವರೆಗೆ ಟೈಮ್ ಕೊಟ್ಟಿದ್ದಾರೆ. ಅಪ್ಪ ಗೋವಿನಜೋಳ ಮಾರಿದ ದುಡ್ಡು ತೆಗೆದಿಟ್ಟಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಚಿಂತೆಗಳು ಒಂದೇ ಗಂಟಿನಲ್ಲಿ ಸೇರಿವೆ. ಕೆಲಸ ಸಿಗುತ್ತದೋ ಇಲ್ಲವೋ ಎಂಬುದು ಒಂದು. ಮಾರ್ಕ್ಸ್ ಇನ್ನೊಂದು. ಇಂಗ್ಲಿಷ್ ಮತ್ತೊಂದು. ಕೋಚಿಂಗ್ ದುಡ್ಡಿನದು ಬೇರೆಯೇ. ಎಲ್ಲವನ್ನೂ ಒಟ್ಟಿಗೆ ಯೋಚಿಸುವುದರಿಂದ "ವಿಷಯವೇ ತಪ್ಪು" ಅನಿಸುತ್ತಿದೆ. ಒಂದೊಂದೇ ಬಿಡಿಸೋಣ.

ಪುಢಾರಿ ಮಾತನ್ನು ಮೊದಲು ಬದಿಗಿಡೋಣ. ಸರ್ಕಾರಿ ಕಾಲೇಜುಗಳಲ್ಲಿ 27 ವರ್ಷ ಈ ವಿಷಯ ಪಾಠ ಮಾಡಿದ್ದೇನೆ. ಅಡ್ಮಿಷನ್ ಟೇಬಲ್ ಹತ್ತಿರ ಕೂತಾಗ ಪ್ರತಿ ವರ್ಷ ಒಬ್ಬರಾದರೂ ತಂದೆ ಬಂದು, "ಸರ, ಇದು ರಾಜಕೀಯನಾ? ನಮ್ಮ ಹುಡುಗಿಗೆ ಅದೆಲ್ಲಾ ಬ್ಯಾಡ್ರಿ" ಅನ್ನುತ್ತಿದ್ದರು. ಶಾಸಕರಾಗಲು 25 ವರ್ಷ ತುಂಬಿರಬೇಕು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಡಿಗ್ರಿಯನ್ನು ಯಾರೂ ಕೇಳುವುದಿಲ್ಲ. ರಾಜಕೀಯ ಮಾಡುವವರಿಗೆ ನಮ್ಮ ಕ್ಲಾಸು ಬೇಕಿಲ್ಲ, ಅವರು ಬರುವುದೂ ಇಲ್ಲ.

ಕೆಲಸದ ವಿಚಾರದಲ್ಲಿ ಮಾತ್ರ ನಿಮ್ಮ ಸಂಬಂಧಿಕರು ಹೇಳುವುದರಲ್ಲಿ ಅರ್ಧ ನಿಜ ಇದೆ. ಸುಮ್ನೆ ಸಮಾಧಾನದ ಮಾತು ಹೇಳಲಾರೆ. "ಬಿ.ಎ. ರಾಜ್ಯಶಾಸ್ತ್ರ ಓದಿದವರು ಬೇಕು" ಎಂದು ಕರೆಯುವ ಕೆಲಸ, ಪಾಠ ಮಾಡುವುದೊಂದನ್ನು ಬಿಟ್ಟರೆ, ಇಲ್ಲ ಎಂದೇ ಹೇಳಬೇಕು. ಆದರೆ ಉಳಿದರ್ಧ ಅವರಿಗೆ ಗೊತ್ತಿಲ್ಲ. ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ), ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಎಸ್‌ಐ, ಕೆಎಎಸ್, ಬ್ಯಾಂಕ್, ಎಲ್ಲ ಕಡೆ ಕೇಳುವುದು "ಯಾವುದಾದರೂ ಪದವಿ". ಬಿ.ಕಾಂ. ಹುಡುಗಿಯೂ ನೀವೂ ನಿಲ್ಲುವುದು ಒಂದೇ ಸಾಲಿನಲ್ಲಿ. ಬಿ.ಕಾಂ.ನಿಂದ ಹೆಚ್ಚಿಗೆ ಸಿಗುವುದು ಲೆಕ್ಕಪತ್ರದ ಕೆಲಸ. ಟ್ಯಾಲಿ ಕಲಿತು, ಜಿಎಸ್‌ಟಿ ರಿಟರ್ನ್ಸ್ ತುಂಬಲು ಬಂದರೆ ತಾಲೂಕು ಮಟ್ಟದ ಆಡಿಟರ್ ಆಫೀಸಿನಲ್ಲೂ ಬೇಗ ಒಂದು ಕುರ್ಚಿ ಸಿಗುತ್ತದೆ. ಅದು ಸಣ್ಣ ಲಾಭವಲ್ಲ. ನಿಮಗೆ ಲೆಕ್ಕ ಇಷ್ಟ ಎಂದಿದ್ದರೆ, ಮನೆಗೆ ಮೂರು ವರ್ಷದಲ್ಲಿ ಸಂಬಳ ಬರಲೇಬೇಕು ಎಂದಿದ್ದರೆ, ಮಾವನ ಮಾತು ಸರಿ ಅನ್ನುತ್ತಿದ್ದೆ. ನಿಮ್ಮ ಪತ್ರದಲ್ಲಿ ಆ ಇಷ್ಟದ ಬಗ್ಗೆ ಒಂದು ಸಾಲೂ ಇಲ್ಲ. ಈಗ ಬದಲಾದರೆ ಮತ್ತೆ ಮೊದಲ ಸೆಮ್‌ನಿಂದ ಶುರು, ಒಂದು ವರ್ಷ ಹೋಯಿತು. ಭಯಕ್ಕೆ ಬಿದ್ದು ಒಂದು ವರ್ಷ ಕೊಡಬೇಡಿ.

ಈಗ 41ರ ವಿಚಾರ. ನನ್ನ ಪ್ರಕಾರ ನಿಮ್ಮ ನಿಜವಾದ ಸಮಸ್ಯೆ ಇರುವುದು ಇಲ್ಲೇ.

ಗೈಡ್‌ನಲ್ಲಿ ಇದ್ದದ್ದನ್ನೇ ಬರೆದೆ ಅಂದಿರಿ. ಕಡಿಮೆ ಬಂದದ್ದು ಅದಕ್ಕೇ. ಮೌಲ್ಯಮಾಪನಕ್ಕೆ ಕೂತಾಗ ಒಂದು ಕಟ್ಟಿನಲ್ಲಿ ನಲವತ್ತು ಪೇಪರ್ ಇದ್ದರೆ ಮೂವತ್ತರಲ್ಲಿ ಅದೇ ಗೈಡ್‌ನ ಅದೇ ಎಂಟು ಪಾಯಿಂಟು, ಅದೇ ಅಚ್ಚಿನ ತಪ್ಪಿನ ಸಮೇತ ಇರುತ್ತಿತ್ತು. ಅಂಥದ್ದಕ್ಕೆ ಪಾಸ್ ಮಾರ್ಕು ಸಿಗುತ್ತದೆ, ಅದರಾಚೆ ಕೈ ಏಳುವುದಿಲ್ಲ. ಪಿಯುಸಿಯಲ್ಲಿ ನಡೆದದ್ದು ಇಲ್ಲಿ ನಡೆಯದು ಎಂದು ಯಾರೂ ನಿಮಗೆ ಹೇಳಿಲ್ಲ, ಅಷ್ಟೇ.

ಒಂದು ಉದಾಹರಣೆ ಕೊಡುತ್ತೇನೆ. ಸಂವಿಧಾನದ 356ನೇ ವಿಧಿ, ಅಂದರೆ ರಾಷ್ಟ್ರಪತಿ ಆಳ್ವಿಕೆ, ಪದೇ ಪದೇ ಬರುವ ಪ್ರಶ್ನೆ. ಗೈಡ್ ಉತ್ತರ "ರಾಜ್ಯದಲ್ಲಿ ಸಾಂವಿಧಾನಿಕ ಯಂತ್ರ ಕುಸಿದಾಗ" ಎಂದು ಶುರುವಾಗಿ, ದುರುಪಯೋಗ ಆಗಬಾರದು ಎಂದು ಮುಗಿಯುತ್ತದೆ. ಅದರಲ್ಲಿ ಎಸ್.ಆರ್. ಬೊಮ್ಮಾಯಿ ಪ್ರಕರಣ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಅದೇ ಪ್ರಕರಣವನ್ನು ಒಂದು ಪುಟ ಬಿಡಿಸಿ ಬರೆದು ನೋಡಿ. 1989ರ ಏಪ್ರಿಲ್. ಬೊಮ್ಮಾಯಿ ಮುಖ್ಯಮಂತ್ರಿ. 19 ಶಾಸಕರು ಬೆಂಬಲ ವಾಪಸ್ ತೆಗೆದುಕೊಂಡ ಪತ್ರಗಳು ರಾಜ್ಯಪಾಲರ ಕೈ ಸೇರುತ್ತವೆ. ಒಂದೆರಡು ದಿನದಲ್ಲೇ ಅವರಲ್ಲಿ 7 ಮಂದಿ, ನಮ್ಮ ಸಹಿ ತಪ್ಪು ತಿಳಿವಳಿಕೆಯಿಂದ ಆದದ್ದು, ನಾವು ಸರ್ಕಾರದ ಜೊತೆಗೇ ಇದ್ದೇವೆ ಅನ್ನುತ್ತಾರೆ. ಸದನ ಕರೆಯಿರಿ, ಬಹುಮತ ತೋರಿಸುತ್ತೇನೆ ಎಂದು ಬೊಮ್ಮಾಯಿ ಕೇಳುತ್ತಾರೆ. ಸದನ ಸೇರಲೇ ಇಲ್ಲ. ಏಪ್ರಿಲ್ 21ಕ್ಕೆ ರಾಷ್ಟ್ರಪತಿ ಆಳ್ವಿಕೆ ಬಂತು. ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು. ಬಹುಮತ ಇದೆಯೋ ಇಲ್ಲವೋ ಗೊತ್ತಾಗಬೇಕಾದ್ದು ಸದನದೊಳಗೆ, ರಾಜಭವನದಲ್ಲಿ ಅಲ್ಲ. ಇಂಥ ಘೋಷಣೆಯನ್ನು ಕೋರ್ಟು ಪರಿಶೀಲಿಸಬಹುದು. 2018ರ ಮೇ ತಿಂಗಳಲ್ಲಿ ನಮ್ಮ ರಾಜ್ಯದಲ್ಲೇ ಹೊಸ ಮುಖ್ಯಮಂತ್ರಿಗೆ ಬಹುಮತ ತೋರಿಸಲು 15 ದಿನ ಕೊಟ್ಟಾಗ, ಕೋರ್ಟು ಅದನ್ನು ಕಡಿಮೆ ಮಾಡಿ ಎರಡೇ ದಿನದಲ್ಲಿ ಸದನ ಸೇರುವಂತೆ ಮಾಡಿತಲ್ಲ, ಅದರ ಬೇರು ಇರುವುದು ಇಲ್ಲಿ.

ಬೊಮ್ಮಾಯಿ ಹುಬ್ಬಳ್ಳಿಯವರು. ನಿಮ್ಮೂರಿನಿಂದ ಬಸ್ಸಿನಲ್ಲಿ ಹೋಗುವ ದೂರ. ದೇಶದ ಯಾವ ಮೂಲೆಯಲ್ಲಿ ರಾಜ್ಯಶಾಸ್ತ್ರ ಓದಿದರೂ ಈ ಹೆಸರು ಬರದೆ ಪಾಠ ಮುಗಿಯುವುದಿಲ್ಲ. ನಮ್ಮ ಹುಡುಗರು ಮಾತ್ರ ಅದನ್ನು ಒಂದು ಸಾಲು ಬರೆದು ಮುಂದೆ ಹೋಗುತ್ತಾರೆ.

ಇನ್ನು ಭಾಷೆ. ಕನ್ನಡ ಮಾಧ್ಯಮದವರಿಗೆ ಈ ವಿಷಯ ಕಷ್ಟ ಎಂಬುದು ಪೂರ್ತಿ ನಿಜವಲ್ಲ. ಆದರೆ ಕನ್ನಡದಲ್ಲಿ ಓದುವಾಗ ಎಡವುವ ಕೆಲವು ಜಾಗಗಳಿವೆ. ಅವು ಗೊತ್ತಿದ್ದರೆ ಅರ್ಧ ತೊಂದರೆ ಕಳೆಯಿತು.

ಮೊದಲ ಪಾಠವೇ ತಗೊಳ್ಳಿ. ರಾಜ್ಯದ ಮೂಲಾಂಶಗಳು ನಾಲ್ಕು: ಜನ, ಭೂಪ್ರದೇಶ, ಸರ್ಕಾರ, ಪರಮಾಧಿಕಾರ. ನಿಮಗೆ ಬಾಯಿಪಾಠ ಇರುತ್ತದೆ. ಪ್ರತಿ ವರ್ಷ ಮೊದಲ ವಾರ ಕ್ಲಾಸಿನಲ್ಲಿ ಒಂದು ಪ್ರಶ್ನೆ ಕೇಳುತ್ತಿದ್ದೆ. "ಹಾಗಾದರೆ ಕರ್ನಾಟಕ ಒಂದು ರಾಜ್ಯವೇ?" ಎಲ್ಲರೂ ನಗುತ್ತಾ ಕೈ ಎತ್ತುತ್ತಿದ್ದರು. ಇದೇನು ಪ್ರಶ್ನೆ ಅಂತ. "ಪರಮಾಧಿಕಾರ ಇದೆಯಾ?" ಅಂದರೆ ಒಂದೊಂದಾಗಿ ಕೈ ಕೆಳಗಿಳಿಯುತ್ತಿತ್ತು. ಆ ಪಾಠದ ಅರ್ಥದಲ್ಲಿ ಭಾರತ ರಾಜ್ಯ, ಕರ್ನಾಟಕ ಅಲ್ಲ. ಕನ್ನಡದಲ್ಲಿ ಎರಡಕ್ಕೂ ಒಂದೇ ಪದ, ಇಂಗ್ಲಿಷಿನಲ್ಲೂ ಹೆಚ್ಚುಕಡಿಮೆ ಅದೇ ಕಥೆ. ಈ ಗೊಂದಲ ಬಿಡಿಸಿಕೊಳ್ಳದೆ ಹಾಬ್ಸ್, ಲಾಕ್‌ರಂಥ ಚಿಂತಕರನ್ನು ಓದಿದರೆ ಏನೂ ತಲೆಗೆ ಹತ್ತುವುದಿಲ್ಲ.

"ಅಧಿಕಾರ" ಇನ್ನೊಂದು. ಹಿಂದಿಯಲ್ಲಿ ಅದರರ್ಥ ಹಕ್ಕು. ಹಿಂದಿ ನೋಟ್ಸಿನಿಂದ ಅವಸರದಲ್ಲಿ ಕನ್ನಡಕ್ಕೆ ಇಳಿಸಿದ ಪಿಡಿಎಫ್‌ಗಳು ಮೊಬೈಲಿನಲ್ಲಿ ಓಡಾಡುತ್ತವೆ. ಅವುಗಳಲ್ಲಿ "ಮೂಲಭೂತ ಅಧಿಕಾರಗಳು" ಅಂತ ಕಂಡರೆ ಆ ಪಿಡಿಎಫ್ ಅನ್ನು ಅಲ್ಲೇ ಅಳಿಸಿ. ಕನ್ನಡದೊಳಗೇ ಇನ್ನೊಂದು ತೊಡಕಿದೆ. ಪವರ್, ಅಥಾರಿಟಿ ಎರಡನ್ನೂ ನಾವು ಅಧಿಕಾರ ಅನ್ನುತ್ತೇವೆ. ಅವೆರಡರ ವ್ಯತ್ಯಾಸವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದರೂ ಹುಡುಗರಿಗೆ ಹಿಡಿಸುತ್ತಿರಲಿಲ್ಲ. ಕೊನೆಗೆ ಒಂದು ವರ್ಷ ಪಾಠ ನಿಲ್ಲಿಸಿ, ಅವರವರ ಊರಿನ ಗ್ರಾಮಸಭೆಗೆ ಹೋಗಿ ಎರಡು ಪುಟ ಬರೆದು ತನ್ನಿ ಎಂದು ಕಳಿಸಿದೆ.

ಒಬ್ಬ ಹುಡುಗಿ ಬರೆದು ತಂದದ್ದು ಇನ್ನೂ ನೆನಪಿದೆ. ಶಾಲೆಯ ಅಂಗಳದಲ್ಲಿ ಶಾಮಿಯಾನ. ಮೇಜಿನ ನಡುವೆ ಅಧ್ಯಕ್ಷೆ ಕೂತಿದ್ದಾರೆ. ಅವರ ಕುರ್ಚಿಯ ಹಿಂದೆ ಗಂಡ ನಿಂತಿದ್ದಾರೆ. ಕುಡಿಯುವ ನೀರಿನ ಪೈಪ್ ಬಗ್ಗೆ ಒಬ್ಬರು ಅಧ್ಯಕ್ಷೆಯನ್ನು ಕೇಳುತ್ತಾರೆ. ಉತ್ತರ ಕೊಡುವುದು ಗಂಡ. ನಿರ್ಣಯದ ಪುಸ್ತಕಕ್ಕೆ ಸಹಿ ಮಾಡುವುದು ಅಧ್ಯಕ್ಷೆ. ಹುಡುಗಿ ಕೊನೆಗೆ ಒಂದು ಸಾಲು ಸೇರಿಸಿದ್ದಳು. "ಸಹಿ ಅವರದು, ಮಾತು ಇವರದು." ಅಥಾರಿಟಿ ಯಾರಲ್ಲಿದೆ, ಪವರ್ ಯಾರಲ್ಲಿದೆ ಎಂದು ಆಮೇಲೆ ಆ ಕ್ಲಾಸಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಕರ್ನಾಟಕದಲ್ಲಿ ಪಂಚಾಯ್ತಿಗಳಲ್ಲಿ ಮಹಿಳೆಯರಿಗೆ 1980ರ ದಶಕದಲ್ಲೇ, ಸಂವಿಧಾನದ 73ನೇ ತಿದ್ದುಪಡಿಗೂ ಮೊದಲೇ, ಶೇ. 25 ಮೀಸಲಾತಿ ಬಂದಿತ್ತು. ಈಗ ಶೇ. 50. ಕಾನೂನು ಕೊಟ್ಟದ್ದು ಎಷ್ಟು, ಊರು ಬಿಟ್ಟುಕೊಟ್ಟದ್ದು ಎಷ್ಟು ಎಂಬ ಪ್ರಶ್ನೆಗೆ ಆ ಎರಡು ಪುಟಕ್ಕಿಂತ ಒಳ್ಳೆ ಪಠ್ಯ ನನಗೆ ಸಿಕ್ಕಿಲ್ಲ.

ನಾವು ದಿನಾ ಬಳಸುವ "ವೋಟ್ ಬ್ಯಾಂಕ್" ಪದದ ಕಥೆಯೂ ಹೀಗೆಯೇ. ಮೈಸೂರಿನವರೇ ಆದ ಸಮಾಜವಿಜ್ಞಾನಿ ಎಂ.ಎನ್. ಶ್ರೀನಿವಾಸ್ ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಇದ್ದು ನೋಡಿ, 1955ರ ಒಂದು ಪ್ರಬಂಧದಲ್ಲಿ ಆ ಪದ ಬಳಸಿದರು. ಊರಲ್ಲಿ ಕೂತು ನೋಡಿದ್ದೂ ರಾಜ್ಯಶಾಸ್ತ್ರವೇ.

ಹಾಗಂತ ಇಂಗ್ಲಿಷ್ ಬೇಡ ಅನ್ನುತ್ತಿಲ್ಲ. ಬೇಕು, ತಪ್ಪಿಸಿಕೊಳ್ಳಲು ದಾರಿ ಇಲ್ಲ. ಎಂ.ಎ.ಗೆ ಹೋದರೆ ಬೇಕಾದ ಪುಸ್ತಕಗಳಲ್ಲಿ ಹೆಚ್ಚಿನವು ಅದರಲ್ಲೇ ಇವೆ. ಆದರೆ ನೀವು ನೇರ ದಪ್ಪ ಪುಸ್ತಕಕ್ಕೆ ಕೈ ಹಾಕಿದ್ದೀರಿ. ಎನ್‌ಸಿಇಆರ್‌ಟಿಯ 11, 12ನೇ ತರಗತಿ ರಾಜ್ಯಶಾಸ್ತ್ರದಿಂದ ಶುರು ಮಾಡಿ, ಅವು ಪುಕ್ಕಟೆ ಸಿಗುತ್ತವೆ. ಒಂದು ಅಧ್ಯಾಯವನ್ನು ಮೊದಲು ನಿಮ್ಮ ಕನ್ನಡ ಪಠ್ಯದಲ್ಲಿ ಓದಿ, ಆಮೇಲೆ ಅದೇ ವಿಷಯ ಅಲ್ಲಿ ಓದಿ. ಅರ್ಥ ಮೊದಲೇ ಗೊತ್ತಿರುವುದರಿಂದ ಪದಗಳು ತಾವಾಗಿ ಕೂರುತ್ತವೆ. ದಿನಕ್ಕೆ ಎರಡು ಪುಟ ಸಾಕು. ಜೊತೆಗೆ ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ನಿಮ್ಮದೇ ಕನ್ನಡದಲ್ಲಿ ವಿವರಣೆ. ನಿಘಂಟಿನ ಕನ್ನಡ ಬೇಡ, ನಿಮ್ಮ ತಂಗಿಗೆ ಹೇಳುವ ಕನ್ನಡ. ಒಂದು ವರ್ಷದಲ್ಲಿ ಇನ್ನೂರು ಪದ ಆದರೆ ಬೇರೆ ಪುಸ್ತಕದ ಬಾಗಿಲೂ ತೆರೆಯುತ್ತದೆ.

ಯುಪಿಎಸ್‌ಸಿಗೆ ಬರೋಣ. ಇಲ್ಲಿ ಜಾಸ್ತಿ ದುಡ್ಡು ಓಡಾಡುವುದರಿಂದ ಜಾಸ್ತಿ ಸುಳ್ಳೂ ಓಡಾಡುತ್ತದೆ.

ರಾಜ್ಯಶಾಸ್ತ್ರ ಓದಿದವರಿಗೆ ಲಾಭ ಇರುವುದು ನಿಜ. ಮುಖ್ಯ ಪರೀಕ್ಷೆಯ ಎರಡನೇ ಸಾಮಾನ್ಯ ಅಧ್ಯಯನ ಪತ್ರಿಕೆ ಸಂವಿಧಾನ, ಆಡಳಿತ, ಅಂತರರಾಷ್ಟ್ರೀಯ ಸಂಬಂಧಗಳ ಮೇಲೆಯೇ ನಿಂತಿದೆ. ಐಚ್ಛಿಕ ವಿಷಯವಾಗಿ ತಗೊಂಡರೆ 250ರ ಎರಡು ಪತ್ರಿಕೆ, ಒಟ್ಟು 500 ಅಂಕ. ಮುಖ್ಯ ಪರೀಕ್ಷೆಯ 1,750ರಲ್ಲಿ ಅದು ದೊಡ್ಡ ಪಾಲು. ಉತ್ತರವನ್ನು ಕನ್ನಡದಲ್ಲೇ ಬರೆಯಬಹುದು. ಕೋಚಿಂಗ್‌ನವರು ಇಷ್ಟು ಹೇಳಿ ನಿಲ್ಲಿಸಿರುತ್ತಾರೆ. ಪ್ರಿಲಿಮ್ಸ್, ಅಂದರೆ ಪೂರ್ವಭಾವಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಮಾತ್ರ ಇರುತ್ತದೆ. ಕನ್ನಡ ಮಾಧ್ಯಮದವರು ಬೀಳುವ ಗುಂಡಿ ಅದು. ಮುಖ್ಯ ಪರೀಕ್ಷೆಯಲ್ಲೂ ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಶೇ. 25 ತಗೊಳ್ಳಲೇಬೇಕು. ಕೆಎಎಸ್‌ಗೂ ರಾಜ್ಯಶಾಸ್ತ್ರ ಐಚ್ಛಿಕ ತಗೊಳ್ಳಬಹುದು ಅಂತ ಈಗಲೂ ಯಾರಾದರೂ ಹೇಳಿದರೆ, ಅವರ ಮಾಹಿತಿ ಹಳೆಯದು. ಅಲ್ಲಿ ಐಚ್ಛಿಕ ವಿಷಯವನ್ನೇ ತೆಗೆದಿದ್ದಾರೆ.

ಲೆಕ್ಕವನ್ನೂ ನೋಡಿಬಿಡಿ. 2023ರ ನಾಗರಿಕ ಸೇವಾ ಪರೀಕ್ಷೆಗೆ 10 ಲಕ್ಷಕ್ಕೂ ಹೆಚ್ಚು ಮಂದಿ ಅರ್ಜಿ ಹಾಕಿದ್ದರು. ಪ್ರಿಲಿಮ್ಸ್ ಬರೆದವರು 5.92 ಲಕ್ಷ. ಮುಖ್ಯ ಪರೀಕ್ಷೆಗೆ ದಾಟಿದವರು 14,624. ಕೊನೆಗೆ ಆಯ್ಕೆಯಾದವರು 1,016. ನಿಮ್ಮ ಆಸೆ ಕುಗ್ಗಿಸಲು ಇದನ್ನು ಹೇಳುತ್ತಿಲ್ಲ. ಪ್ರಿಲಿಮ್ಸ್ ಬರೆದ ಸುಮಾರು 580 ಜನರಲ್ಲಿ ಒಬ್ಬರಿಗೆ ಸಿಗುವ ಕೆಲಸವನ್ನು ನಂಬಿ ಉಳಿದ ದಾರಿ ಮುಚ್ಚಿಕೊಳ್ಳಬಾರದು ಅಷ್ಟೇ. ಧಾರವಾಡದ ಸಪ್ತಾಪುರದ ರೂಮುಗಳಲ್ಲಿ ಮೂವತ್ತು ದಾಟಿದ ನನ್ನ ಹಳೆಯ ವಿದ್ಯಾರ್ಥಿಗಳು ಸಿಗುತ್ತಾರೆ. ಬುದ್ಧಿವಂತರೇ. "ಇನ್ನೊಂದು ಅಟೆಂಪ್ಟ್ ಸರ್" ಅನ್ನುವಾಗ ಮುಖ ನೋಡಿ ಮಾತಾಡುವುದಿಲ್ಲ.

ಆ ಮುಂಗಡ ಕಟ್ಟಬೇಡಿ. ಎರಡನೇ ಸೆಮ್‌ನಲ್ಲಿ ಇರುವವರಿಗೆ ಆ ಕೋರ್ಸಿನಿಂದ ಸಿಗುವುದು ಇನ್ನೊಂದು ಕಟ್ಟು ನೋಟ್ಸು. ಗೈಡ್ ರೋಗಕ್ಕೆ ಗೈಡೇ ಔಷಧ ಕೊಟ್ಟ ಹಾಗೆ. "ಈ ತಿಂಗಳ ಕೊನೆಯವರೆಗೆ ಮಾತ್ರ" ಅನ್ನುವವರು ಮುಂದಿನ ತಿಂಗಳೂ ಅದನ್ನೇ ಹೇಳುತ್ತಾರೆ. ನಿಜವಾಗಿ ಕೋಚಿಂಗ್ ಬೇಕಾಗುವುದು ಡಿಗ್ರಿ ಮುಗಿಯುವ ಹೊತ್ತಿಗೆ. ಪರಿಶಿಷ್ಟ ಜಾತಿ, ಪಂಗಡ ಮತ್ತು ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಸರ್ಕಾರದ ಇಲಾಖೆಗಳೇ ಪ್ರವೇಶ ಪರೀಕ್ಷೆ ನಡೆಸಿ ಉಚಿತ ತರಬೇತಿ ಕೊಡುತ್ತವೆ. ನೀವು ಆ ವರ್ಗಕ್ಕೆ ಬರುತ್ತೀರಾ, ಆದಾಯ ಮಿತಿಯೊಳಗೆ ಇದ್ದೀರಾ ಎಂದು ಆಗ ವಿಚಾರಿಸಿ.

ಡಿಗ್ರಿ ಮುಗಿದ ಮೇಲೆ ನಿಮ್ಮ ಮುಂದೆ ಏನಿರುತ್ತದೆ? ನನಗೆ ಹೆಚ್ಚು ನಂಬಿಕೆ ಇರುವುದು ಕಾನೂನಿನ ಮೇಲೆ. ಯಾವುದೇ ಪದವಿಯಲ್ಲಿ ಶೇ. 45 ಇದ್ದರೆ 3 ವರ್ಷದ ಎಲ್‌ಎಲ್‌ಬಿಗೆ ಸೇರಬಹುದು, ಪರಿಶಿಷ್ಟರಿಗೆ ಇನ್ನೂ ಕಡಿಮೆ. ರಾಜ್ಯಶಾಸ್ತ್ರದವರಿಗೆ ಸಂವಿಧಾನದ ಪಾಠ ಅಲ್ಲಿ ಹೊಸದಲ್ಲ. ಕಷ್ಟ ಇರುವುದು ಆಮೇಲೆ. ಸೀನಿಯರ್ ಹತ್ತಿರ ಮೊದಲ ಮೂರು ನಾಲ್ಕು ವರ್ಷ ಬಸ್ ಚಾರ್ಜಿಗೂ ಪರದಾಡಬೇಕಾಗಬಹುದು, ಅದನ್ನು ಮನೆಯವರು ತಾಳಿಕೊಳ್ಳಬೇಕು.

ಪಾಠ ಮಾಡುವ ದಾರಿ ನನ್ನದೇ ಆದ್ದರಿಂದ ಅದರ ಬಗ್ಗೆ ಸ್ವಲ್ಪ ಕಠಿಣವಾಗಿ ಹೇಳುತ್ತೇನೆ. ಎಂ.ಎ.ಯಲ್ಲಿ ಶೇ. 55, ಮೇಲೆ ಕೆಸೆಟ್ ಅಥವಾ ನೆಟ್ ಎಂಬ ಅರ್ಹತಾ ಪರೀಕ್ಷೆ. ಅಲ್ಲಿಗೆ ಅರ್ಹತೆ ಮಾತ್ರ ಬಂತು, ಕೆಲಸ ಬರಲಿಲ್ಲ. 2021ರಲ್ಲಿ ಸರ್ಕಾರಿ ಪದವಿ ಕಾಲೇಜುಗಳಿಗೆ 1,242 ಸಹಾಯಕ ಪ್ರಾಧ್ಯಾಪಕರನ್ನು ಕರೆದರು, ಅದೂ ಎಲ್ಲ ವಿಷಯ ಸೇರಿ. ಅಂಥ ಕರೆ ವರ್ಷಗಟ್ಟಲೆ ಬರುವುದಿಲ್ಲ. ನಡುವೆ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಾ ತಲೆ ನರೆತವರು ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದರು. ಜೊತೆಗೆ ಬಿ.ಎಡ್. ಇದ್ದರೆ ಪಿಯು ಕಾಲೇಜು, ಹೈಸ್ಕೂಲು ಬಾಗಿಲೂ ತೆರೆದಿರುತ್ತದೆ. ಆದ್ದರಿಂದ ಓದು ಇಷ್ಟವಿದ್ದು ಎಂ.ಎ.ಗೆ ಹೋಗುವುದಾದರೆ ಬಿ.ಎಡ್. ಬಿಡಬೇಡಿ. ಎಂ.ಎ. ಎಲ್ಲಿ ಎಂಬುದೂ ಮುಖ್ಯ. ಧಾರವಾಡ, ಮೈಸೂರು ಇದ್ದೇ ಇವೆ. ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಬರೆದರೆ ಹೈದರಾಬಾದ್, ದೆಹಲಿಯ ಕೇಂದ್ರೀಯ ವಿಶ್ವವಿದ್ಯಾಲಯಗಳು, ಕಲಬುರಗಿ ಹತ್ತಿರದ ಕಡಗಂಚಿಯದು ಕೂಡ ಸಿಗುತ್ತವೆ. ಶುಲ್ಕ ಕಡಿಮೆ, ಲೈಬ್ರರಿ ದೊಡ್ಡದು. ನಮ್ಮ ಕಡೆಯ ಹೆಣ್ಣುಮಕ್ಕಳು ಅರ್ಜಿಯನ್ನೇ ಹಾಕುವುದಿಲ್ಲ ಎಂಬುದು ನನ್ನ ಹಳೆಯ ಬೇಸರ. ಸಂಸದರ ಜೊತೆ ಸುಮಾರು ಒಂದು ವರ್ಷ ಸಂಶೋಧನಾ ಸಹಾಯಕರಾಗಿ ಕೆಲಸ ಮಾಡುವ ಲ್ಯಾಂಪ್ ಫೆಲೋಶಿಪ್ ಕೂಡ ಇದೆ. ಅದಕ್ಕೆ ಇಂಗ್ಲಿಷ್ ಬರವಣಿಗೆ ಗಟ್ಟಿ ಇರಬೇಕು.

ಪಿಡಿಒ ಬಗ್ಗೆ ಒಂದು ಮಾತು. ಆ ಪರೀಕ್ಷೆಯಲ್ಲಿ ಗ್ರಾಮೀಣಾಭಿವೃದ್ಧಿ, ಪಂಚಾಯತ್ ರಾಜ್ ವಿಷಯ ಬರುತ್ತದೆ. ಗ್ರಾಮಸಭೆಗೆ ಹೋಗಿ ಬಂದವರಿಗೆ ಅದು ಓದಿದ ಪಾಠದಂತಲ್ಲ, ಕಂಡ ಊರಿನಂತೆ ಇರುತ್ತದೆ. ಯುಪಿಎಸ್‌ಸಿ ಆಸೆ ಇಟ್ಟುಕೊಂಡೇ ಇಂಥ ಪರೀಕ್ಷೆ ಬರೆಯಿರಿ. ಕೆಲಸಕ್ಕೆ ಸೇರಿ, ಸಂಬಳ ತಗೊಳ್ಳುತ್ತಾ ಮುಂದಿನದಕ್ಕೆ ಓದಿದ ಹುಡುಗಿಯರನ್ನು ಕಂಡಿದ್ದೇನೆ. ಅವರ ಓದಿನಲ್ಲಿ ಹೆದರಿಕೆ ಕಡಿಮೆ ಇರುತ್ತದೆ.

ಇನ್ನು ಅಪ್ಪನ ಹತ್ತಿರ ಮಾತಾಡುವುದು. ಅವರಿಗೆ ಐಎಎಸ್ ಕಥೆ ಹೇಳಬೇಡಿ, ಲೆಕ್ಕ ಹೇಳಿ. ಈಗ ನಮ್ಮ ರಾಜ್ಯದಲ್ಲಿ ಡಿಗ್ರಿ ಮತ್ತೆ 3 ವರ್ಷಕ್ಕೆ ಬಂದಿದೆ. ಒಂದು ವರ್ಷ ಹೆಚ್ಚುಕಡಿಮೆ ಮುಗಿಯಿತು, ಇನ್ನೆರಡು ಉಳಿದಿವೆ. ಆ ಎರಡು ವರ್ಷಕ್ಕೆ ದಿನಪತ್ರಿಕೆ, ನಾಲ್ಕು ಪುಸ್ತಕ, ಚಳಿಗಾಲದ ಅಧಿವೇಶನ ನಡೆಯುವಾಗ ಬೆಳಗಾವಿಯ ಸುವರ್ಣ ವಿಧಾನಸೌಧ ನೋಡಿ ಬರಲು ಒಂದು ದಿನದ ಬಸ್ ಚಾರ್ಜು, ಇಷ್ಟೇ ಬೇಕು ಅನ್ನಿ. ಪಾಸ್ ಕೊಡಿಸಲು ನಿಮ್ಮ ರಾಜ್ಯಶಾಸ್ತ್ರದ ಮೇಷ್ಟ್ರನ್ನೇ ಕೇಳಿ, ಹುಡುಗರು ತಾವಾಗಿ ಬಂದು ಕೇಳಿದರೆ ಬೇಡ ಅನ್ನುವ ಮೇಷ್ಟ್ರನ್ನು ನಾನು ಕಂಡಿಲ್ಲ. ಗೋವಿನಜೋಳದ ದುಡ್ಡು ಬ್ಯಾಂಕಿನಲ್ಲೇ ಇರಲಿ. ಆರನೇ ಸೆಮ್ ಮುಗಿದಾಗ ಎಲ್‌ಎಲ್‌ಬಿಗೋ ಹೈದರಾಬಾದ್ ಹಾಸ್ಟೆಲ್‌ಗೋ ಬೇಕಾಗುತ್ತದೆ.